ರೋಸ್ ಕಲರಿನವನ ಬಗ್ಗೆ ಎರಡು ತಿದ್ದುಪಡಿ, ಒಂದು ತಕರಾರು

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಎಂಬ ಅಮೆರಿಕದ ಟಿವಿ ಕುಸ್ತಿ ಕಂಪನಿಯಲ್ಲಿ ಹೆಸರು ಮಾಡಿದ ಕೆನಡಾದ ಪೈಲ್ವಾನ್ ಬ್ರೆಟ್ ಹಾರ್ಟ್ ಮತ್ತು ಅವನ ಮನೆತನದ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಕನ್ನಡ ಪತ್ರಿಕೆಯಲ್ಲಿ ಆ ಹೆಸರು ನೋಡಿ ಕಾಫಿ ಲೋಟ ಕೆಳಗಿಟ್ಟೆ. ಒಂದೇ ಉಸಿರಿಗೆ ಓದಿದೆ. ಮುಗಿಸುವಷ್ಟರಲ್ಲಿ ಕಾಫಿಯೂ ಆರಿತ್ತು, ನನ್ನ ಖುಷಿಯೂ ಆರಿತ್ತು.

ಮೊದಲು ಸಣ್ಣ ತಪ್ಪು. ನೀವು ಹಾಕಿದ ಫೋಟೋದಲ್ಲಿರುವುದು ಬ್ರೆಟ್ ಅಲ್ಲ, ಅವನ ತಮ್ಮ ಓವನ್. ಹೊಂಬಣ್ಣದ ಕೂದಲಿನವನು ಓವನ್. ಈಗಷ್ಟೇ ಎಣ್ಣೆ ಸ್ನಾನಕ್ಕೆ ಕೂತು ಎದ್ದುಬಂದ ಹಾಗೆ, ಒದ್ದೆ ಕಪ್ಪು ಕೂದಲು ಹೆಗಲ ಮೇಲೆ ಬಿಟ್ಟುಕೊಂಡವನು ಬ್ರೆಟ್. ಆ ಕಾಲದಲ್ಲಿ ನಮ್ಮ ಬೀದಿಯ ಯಾವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ.

ಎರಡನೆಯದು ಸಣ್ಣದಲ್ಲ. ಓವನ್ "ಕುಸ್ತಿ ಆಡುವಾಗ ಸತ್ತ" ಎಂದು ಬರೆದಿದ್ದೀರಿ. ಅವನು ಕುಸ್ತಿ ಆಡುವಾಗ ಸಾಯಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೂರನೆಯದು ತಕರಾರು. ಬರಹದ ಕೊನೆಗೆ "ಏನೇ ಹೇಳಿ, ಇದೆಲ್ಲ ಸುಳ್ಳು ಕುಸ್ತಿ" ಅಂತ ಒಂದು ಸಾಲು. ಅಷ್ಟೊಂದು ವಿವರ ಕೂಡಿಸಿ, ಕಡೆಗೆ ಒಂದು ಸಾಲಿನಲ್ಲಿ ಒರೆಸಿ ಹಾಕಿದ ಹಾಗಾಯಿತು. ಆ ಸಾಲಿಗಾಗಿ ಈ ಪತ್ರ. ಉದ್ದವಾದರೆ ಎಲ್ಲಿ ಬೇಕಾದರೂ ಕತ್ತರಿಸಿ, ನಮ್ಮಪ್ಪನ ಮಾತು ಮಾತ್ರ ಹಾಗೇ ಉಳಿಸಿ.

ನಾನು ಯಾರು ಅಂತ ಹೇಳಿಬಿಡುತ್ತೇನೆ. 1993ರಿಂದ ಹನ್ನೆರಡು ವರ್ಷ ಮೈಸೂರಿನ ನಜರ್‌ಬಾದ್ ಕಡೆ ಕೇಬಲ್ ಕನೆಕ್ಷನ್ ಕೊಡುತ್ತಿದ್ದವನು. ಮಹಡಿ ಮೇಲೆ ಡಿಶ್, ಕಂಬದಿಂದ ಕಂಬಕ್ಕೆ ವೈರು, ತಿಂಗಳ ಮೊದಲ ವಾರ ಮನೆಮನೆಗೆ ಹೋಗಿ ದುಡ್ಡು ವಸೂಲಿ. ನಮ್ಮಪ್ಪ ಗರಡಿ ಮನೆಯ ಉಸ್ತಾದರು. ಬೆಳಗಿನ ಜಾವ ಎದ್ದು ಹುಡುಗರಿಗೆ ಸಾಮು ಮಾಡಿಸುವುದು, ಸಂಜೆ ಮಟ್ಟಿ ಹದ ಮಾಡುವುದು, ಇಷ್ಟೇ ಅವರ ಪ್ರಪಂಚ. ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಕಲಸುವಾಗ ಮಾತಾಡಿದರೆ ಬೈಯುತ್ತಿದ್ದರು. ಅಂಥವರ ಮನೆಯ ಮಹಡಿ ಮೇಲಿಂದ ಅಮೆರಿಕದ ಕುಸ್ತಿ ಇಳಿದು ಊರಿಗೆಲ್ಲ ಹರಿಯುತ್ತಿತ್ತು ಅಂದರೆ ನೀವೇ ಯೋಚಿಸಿ.

ಅಪ್ಪ ಮೊದಮೊದಲು ಟಿವಿ ಇದ್ದ ಕೋಣೆಗೇ ಬರುತ್ತಿರಲಿಲ್ಲ. "ಮುಖಕ್ಕೆ ಬಣ್ಣ ಬಳ್ಕೊಂಡು ಬರ್ತಾರೆ, ಅದು ಕುಸ್ತಿನಾ, ಬಯಲಾಟನಾ?" ಅನ್ನುತ್ತಿದ್ದರು. ಒಂದು ರಾತ್ರಿ ಕರೆಂಟು ಹೋಗಿ ಬಂದಾಗ ಬಾಗಿಲಲ್ಲಿ ನಿಂತರು. ಪರದೆಯ ಮೇಲೆ ಬ್ರೆಟ್ ಇದ್ದ. ಗುಲಾಬಿ, ಕಪ್ಪು ಬಟ್ಟೆ. ಎದುರಾಳಿಯ ತೋಳು ಹಿಡಿದು, ತಿರುಗಿಸಿ, ಮಂಡಿಯೂರಿ ಕೂತಿದ್ದ. ಅಪ್ಪ ನಿಂತೇ ನೋಡಿದರು. ಐದು ನಿಮಿಷ ಆದ ಮೇಲೆ ಕೇಳಿದರು, "ಈ ರೋಸ್ ಕಲರಿನವನಿಗೆ ಯಾರೋ ಕಲಿಸಿದ್ದು?"

ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಹೊರಟು ಮೂವತ್ತು ವರ್ಷ ಆಯಿತು. ಅದಕ್ಕೇ ಅವನನ್ನು "ಅವರು" ಅನ್ನಲು ಬಾಯಿ ಬರುವುದಿಲ್ಲ. ಸಲುಗೆ ಅಂದುಕೊಳ್ಳಿ.

ಕಲಿಸಿದವನು ಅವನ ಅಪ್ಪ ಸ್ಟು ಹಾರ್ಟ್. 1915ರಲ್ಲಿ ಕೆನಡಾದ ಸಾಸ್ಕಟೂನ್‌ನಲ್ಲಿ ಹುಟ್ಟಿದವನು. ಬಡತನದಲ್ಲಿ ಬೆಳೆದು, ಹವ್ಯಾಸಿ ಕುಸ್ತಿಯಲ್ಲಿ 1940ರಲ್ಲಿ ಕೆನಡಾದ ಚಾಂಪಿಯನ್ ಆದ. ಯುದ್ಧ ಬಂದು ಅವನ ಒಲಿಂಪಿಕ್ಸ್ ಆಸೆಯನ್ನು ನುಂಗಿತು. ಆಮೇಲೆ ದುಡ್ಡಿನ ಕುಸ್ತಿಗೆ ಇಳಿದ, ನ್ಯೂಯಾರ್ಕ್ ಕಡೆಯ ಹೆಲೆನ್‌ಳನ್ನು ಮದುವೆಯಾದ, ಕ್ಯಾಲ್ಗರಿಯಲ್ಲಿ ಗುಡ್ಡದ ಮೇಲೊಂದು ಹಳೆಯ ದೊಡ್ಡ ಮನೆ ಕೊಂಡ. 1948ರಲ್ಲಿ ಶುರು ಮಾಡಿದ ಅವನ ಕಂಪನಿಯೇ ಮುಂದೆ ಸ್ಟಾಂಪೀಡ್ ರಸ್ಲಿಂಗ್ ಎಂದು ಹೆಸರಾಯಿತು. ಶುಕ್ರವಾರ ರಾತ್ರಿ ಕ್ಯಾಲ್ಗರಿಯಲ್ಲಿ ಪಂದ್ಯ. ಹನ್ನೆರಡು ಮಕ್ಕಳು. ಎಂಟು ಗಂಡು, ನಾಲ್ಕು ಹೆಣ್ಣು. ಬ್ರೆಟ್ ಎಂಟನೆಯವನು, 1957ರ ಜುಲೈ 2ರಂದು ಹುಟ್ಟಿದವನು. ಓವನ್ ಕೊನೆಯವನು.

ಆ ಮನೆಯ ನೆಲಮಾಳಿಗೆಯೇ ಗರಡಿ. ಜನ ಅದಕ್ಕೆ ಇಟ್ಟ ಹೆಸರು ಡಂಜನ್, ಅಂದರೆ ಕತ್ತಲೆ ಕೋಣೆ. ತಗ್ಗಿನ ಚಾವಣಿ, ನೆಲಕ್ಕೆ ತೆಳ್ಳನೆಯ ಹಾಸು. ಚಾವಣಿಯಲ್ಲಿ ಅಲ್ಲಲ್ಲಿ ತೂತು. ಎತ್ತಿ ಹಾಕುವಾಗ ತಲೆ ಬಡಿದು ಆದ ತೂತುಗಳಂತೆ! ಕುಸ್ತಿ ಕಲಿಯುತ್ತೇನೆ ಅಂತ ಬಂದ ಗಟ್ಟಿಮುಟ್ಟಾದ ಹುಡುಗರನ್ನು ಸ್ಟು ಕೆಳಗೆ ಕರೆದುಕೊಂಡು ಹೋಗಿ ಪಟ್ಟು ಹಾಕುತ್ತಿದ್ದ. ಅವರ ಕಿರುಚಾಟ ಮೇಲೆ ಅಡುಗೆಮನೆಗೆ ಕೇಳುತ್ತಿತ್ತು. ಮಕ್ಕಳು ಊಟ ಮಾಡುತ್ತಲೇ ಇರುತ್ತಿದ್ದರು. ಇದನ್ನು ನಾನು ಅಪ್ಪನಿಗೆ ಹೇಳಿದಾಗ ನಕ್ಕರು. ನಮ್ಮ ಅಜ್ಜಿಗೂ ಗರಡಿಯಿಂದ ಬರುವ ಸದ್ದು ಕೇಳಿಯೇ ಯಾವ ಹುಡುಗ ಇವತ್ತು ಬಂದಿಲ್ಲ ಅಂತ ಗೊತ್ತಾಗುತ್ತಿತ್ತಂತೆ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಸ್ಟು ಪಂದ್ಯಗಳಲ್ಲಿ ಒಂದು ಕರಡಿಯನ್ನೂ ಆಡಿಸುತ್ತಿದ್ದ. ಟೆರಿಬಲ್ ಟೆಡ್ ಅಂತ ಅದರ ಹೆಸರು. ಅದು ಕೆಲವು ಕಾಲ ಅವರ ಮನೆಯ ಮೆಟ್ಟಿಲ ಕೆಳಗೇ ಇತ್ತು. ಬ್ರೆಟ್ ಚಿಕ್ಕವನಿದ್ದಾಗ ಮೆಟ್ಟಿಲ ಮೇಲೆ ಕೂತು, ಐಸ್ ಕ್ಯಾಂಡಿಯ ಹನಿಯನ್ನು ಕಾಲ್ಬೆರಳ ಮೇಲೆ ಬೀಳಿಸಿಕೊಂಡು, ಸಂದಿಯಲ್ಲಿ ಕಾಲು ಇಳಿಬಿಡುತ್ತಿದ್ದನಂತೆ. ಕೆಳಗಿಂದ ಕರಡಿ ಬೆರಳು ನೆಕ್ಕುತ್ತಿತ್ತು. ಇದನ್ನು ಅವನೇ ಹೇಳಿಕೊಂಡಿದ್ದಾನೆ. ನಮ್ಮ ಬೀದಿಯ ಹುಡುಗರಿಗೆ ಇದನ್ನು ಹೇಳಿದಾಗ ಒಬ್ಬನೂ ನಂಬಲಿಲ್ಲ.

ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಅರ್ಧ ಇದು. ಇನ್ನರ್ಧ ಬೇರೆ ಇದೆ. ಸ್ಟು ಕಲಿಸಿದ್ದು ನಿಜವಾದ ಪಟ್ಟು, ನಿಜವಾದ ನೋವು. ರಿಂಗಿನಲ್ಲಿ ಬೀಳುವುದು ಹೇಗೆ, ಎದುರಿನವನನ್ನು ಬೀಳಿಸುವುದು ಹೇಗೆ ಅಂತ ಬ್ರೆಟ್‌ಗೆ ತಿದ್ದಿ ಕಲಿಸಿದವರು ಇಬ್ಬರು ಜಪಾನೀಯರು, ಕತ್ಸುಜಿ ಅದಾಚಿ ಮತ್ತು ಕಜುವೊ ಸಕುರಾಡ. ಬ್ರೆಟ್ ಅವರಿಬ್ಬರ ಋಣವನ್ನು ಯಾವತ್ತೂ ಮರೆತಿಲ್ಲ. ಅಷ್ಟಕ್ಕೂ ಅವನಿಗೆ ಪೈಲ್ವಾನ್ ಆಗುವ ಆಸೆಯೇ ಇರಲಿಲ್ಲ. ಸಿನಿಮಾ ಮಾಡಬೇಕು ಅಂತಿದ್ದ. ವ್ಯಂಗ್ಯಚಿತ್ರ ಬರೆಯುವ ಕೈ ಅವನದು. ಎಷ್ಟೋ ವರ್ಷ ಕ್ಯಾಲ್ಗರಿಯ ಒಂದು ಪತ್ರಿಕೆಗೆ ಅಂಕಣವನ್ನೂ ಬರೆದ. ಹಾಗಾಗಿ ಅವನು ನಿಮ್ಮ ವೃತ್ತಿಯವನೂ ಹೌದು ಸ್ವಾಮಿ, ಸ್ವಲ್ಪ ಮರ್ಯಾದೆ ಕೊಡಬಹುದಿತ್ತು.

ಈಗ ಸುಳ್ಳಿನ ವಿಷಯ. ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಇದನ್ನು ನಾನೇನು ಮುಚ್ಚಿಡುವುದಿಲ್ಲ. ಆದರೆ ಬೀಳುವುದು ಸುಳ್ಳಲ್ಲ. ಆ ರಿಂಗಿನ ಬಟ್ಟೆಯ ಕೆಳಗೆ ತೆಳ್ಳನೆಯ ಸ್ಪಂಜು, ಅದರ ಕೆಳಗೆ ಮರದ ಹಲಗೆ, ಅದರ ಕೆಳಗೆ ಕಬ್ಬಿಣ. ಅಪ್ಪ ಇದನ್ನು ನೋಡಿ ಹೇಳಲಿಲ್ಲ, ಕೇಳಿ ಹೇಳಿದರು. "ಸದ್ದು ಕೇಳು. ಹಲಗೆ ಮೇಲೆ ಬೀಳ್ತಿದಾರೆ ಕಣೋ. ನಮ್ಮ ಮಟ್ಟಿ ತಾಯಿ ಇದ್ದ ಹಾಗೆ, ಅಲ್ಲಿ ತಾಯಿ ಇಲ್ಲ."

ಅವರಿಗೆ ಒಂದು ವಿಷಯ ಮಾತ್ರ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಬ್ರೆಟ್‌ನ ಹೆಸರಾದ ಪಟ್ಟು ಶಾರ್ಪ್‌ಶೂಟರ್. ಅಂಗಾತ ಬಿದ್ದವನ ಎರಡೂ ಕಾಲನ್ನು ತನ್ನ ಕಾಲಿಗೆ ಹೆಣೆದುಕೊಂಡು, ಅವನನ್ನು ಮಗುಚಿ ಹಾಕಿ, ಸೊಂಟದ ಮೇಲೆ ಹಿಂದಕ್ಕೆ ವಾಲಿ ಕೂರುವುದು. ಕೆಳಗಿನವನು ಸೋತೆ ಅನ್ನಲೇಬೇಕು. ಟಿವಿಯಲ್ಲಿ ಜನ ಕುಣಿಯುತ್ತಿದ್ದರೆ ಅಪ್ಪ ತಲೆ ಚಚ್ಚಿಕೊಳ್ಳುತ್ತಿದ್ದರು. "ಅಂಗಾತ ಬಿದ್ದಿದ್ದವನನ್ನ ಬೋರಲು ಹಾಕ್ತಾನಲ್ಲೋ! ಚಿತ್ ಆಗಿದ್ದವನನ್ನ ಇವನೇ ಉಳಿಸಿದ ಹಾಗಾಯ್ತು!" ನಾಡಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು ಅಲ್ವಾ, ಅವರ ಲೆಕ್ಕ ಅದು.

ಆದರೆ ಅವರೇ ಇನ್ನೊಂದು ದಿನ ಹೇಳಿದ ಮಾತು ಬೇರೆ. 1992ರ ಆಗಸ್ಟ್ 29ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಬ್ರೆಟ್ ಮತ್ತು ಡೇವಿ ಬಾಯ್ ಸ್ಮಿತ್ ಆಡಿದರು. ಡೇವಿ ಬ್ರೆಟ್‌ನ ತಂಗಿ ಡಯಾನಾಳ ಗಂಡ. ಸುಮಾರು 80 ಸಾವಿರ ಜನ. ಅದರ ಕ್ಯಾಸೆಟ್ಟು ನನಗೆ ಎರಡು ವರ್ಷ ಆದ ಮೇಲೆ ಸಿಕ್ಕಿತು. ಅಪ್ಪ ಪೂರ್ತಿ ನೋಡಿದರು, ರಿವೈಂಡ್ ಮಾಡಿಸಿ ಎರಡನೇ ಸಲವೂ ನೋಡಿದರು. ಬ್ರೆಟ್ ಹಗ್ಗದ ಮೇಲಿಂದ ಆಚೆ ಇದ್ದ ಡೇವಿಯ ಮೇಲೆ ಹಾರುವ ಕಡೆ ನಿಲ್ಲಿಸು ಅಂದರು. ಆಮೇಲೆ, "ಈ ದಪ್ಪನೆಯವನು ಏನೂ ಮಾಡ್ತಿಲ್ಲ. ಇಬ್ಬರ ಕುಸ್ತೀನೂ ರೋಸ್ ಕಲರಿನವನೊಬ್ಬನೇ ಆಡ್ತಿದಾನೆ" ಅಂದರು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಿನ್ನೆಲೆ ಏನೂ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ನಂತರ ಬ್ರೆಟ್ ಹೇಳಿದ್ದು ನಾನು ಓದಿದೆ. ಆ ದಿನ ಡೇವಿ ಅಮಲಿನ ಪದಾರ್ಥಗಳಿಂದ ಸೋತುಹೋಗಿದ್ದ, ರಿಂಗಿಗೆ ಬಂದ ಕೂಡಲೇ ಎಲ್ಲ ಮರೆತೆ ಅಂದ, ಬ್ರೆಟ್ ಪ್ರತಿ ಹೆಜ್ಜೆಯನ್ನೂ ಅವನ ಕಿವಿಯಲ್ಲಿ ಹೇಳಿಕೊಂಡು ಪಂದ್ಯ ಮುಗಿಸಿದ. ಗೆದ್ದದ್ದು ಡೇವಿ. 80 ಸಾವಿರ ಜನರ ಮುಂದೆ ತಂಗಿಯ ಗಂಡನನ್ನು ಹೊತ್ತು ನಡೆಸಿ, ಅವನ ಕೈಗೆ ಚಾಂಪಿಯನ್ನಿನ ಬೆಲ್ಟು ಕೊಟ್ಟು ಹೋದವನು ಬ್ರೆಟ್.

ನಿಮ್ಮ ಬರಹದಲ್ಲಿ ಅವನ ಬೆಲ್ಟುಗಳ ಪಟ್ಟಿ ಇದೆ. ಅದೆಲ್ಲ ಸರಿ. 1992ರ ಅಕ್ಟೋಬರ್‌ನಲ್ಲಿ ಅಪ್ಪನ ಊರಾದ ಸಾಸ್ಕಟೂನ್‌ನಲ್ಲೇ ರಿಕ್ ಫ್ಲೇರ್‌ನನ್ನು ಸೋಲಿಸಿ ದೊಡ್ಡ ಬೆಲ್ಟು ಗೆದ್ದದ್ದು, 1996ರಲ್ಲಿ ಶಾನ್ ಮೈಕಲ್ಸ್ ಜೊತೆ ಒಂದು ಗಂಟೆಗೂ ಮೀರಿ ಆಡಿದ್ದು, 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಅವನು ಸೋತೆ ಅನ್ನದಿದ್ದರೂ ಡಬ್ಲ್ಯುಡಬ್ಲ್ಯುಎಫ್ ಕಂಪನಿಯ ಮಾಲೀಕನೇ ಪಂದ್ಯ ಮುಗಿಯಿತು ಅಂತ ಗಂಟೆ ಹೊಡೆಸಿ ಮೋಸ ಮಾಡಿದ್ದು. ಇವು ಎಲ್ಲರಿಗೂ ಗೊತ್ತು. ಆದರೆ ಬ್ರೆಟ್ ತನ್ನ ಬಗ್ಗೆ ಎಲ್ಲಕ್ಕಿಂತ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು ಇದ್ಯಾವುದೂ ಅಲ್ಲ. ಅಷ್ಟು ವರ್ಷ, ವಾರಕ್ಕೆ ನಾಲ್ಕೈದು ರಾತ್ರಿ ಆಡಿ, ಎದುರಿನವನನ್ನು ಒಂದು ಸಲವೂ ಗಾಯ ಮಾಡಿ ಮನೆಗೆ ಕಳಿಸಲಿಲ್ಲ ಅನ್ನುವುದು. ಆ ಸಾಲು ನಿಮ್ಮ ಅರ್ಧ ಪುಟದಲ್ಲಿ ಇಲ್ಲ.

ನಮ್ಮಪ್ಪ ಹೊಸ ಹುಡುಗರಿಗೆ ಮೊದಲ ದಿನ ಹೇಳುತ್ತಿದ್ದುದೂ ಅದನ್ನೇ. ತಾಲೀಮಿನಲ್ಲಿ ಜೊತೆಯವನ ಕೈ ಮುರಿದರೆ ನಾಳೆ ನೀನು ಯಾರ ಜೊತೆ ಆಡುತ್ತೀಯ? ಹಾಗೆ ಮುರಿದವನನ್ನು ಒಂದು ತಿಂಗಳು ಮಟ್ಟಿಗೆ ಇಳಿಸುತ್ತಿರಲಿಲ್ಲ, ನೀರು ಹೊರಲು ಹಚ್ಚುತ್ತಿದ್ದರು. ನಾನೂ ಒಂದು ಸಲ ಹೊತ್ತಿದ್ದೇನೆ. ತಮ್ಮನ ಹೆಗಲು ನನ್ನಿಂದ ಜಾರಿತ್ತು.

ತಮ್ಮನ ಮಾತು ಬಂತು. 1994ರ ಮಾರ್ಚ್ 20ರ ಪಂದ್ಯ ನಮ್ಮಿಬ್ಬರಿಗೂ ಬಾಯಿಪಾಠ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮೊದಲ ಪಂದ್ಯವೇ ಅಣ್ಣ ತಮ್ಮ, ಬ್ರೆಟ್ ಮತ್ತು ಓವನ್. ಕಡೆಗೆ ಬ್ರೆಟ್ ತಮ್ಮನ ಹೆಗಲ ಮೇಲಿಂದ ಉರುಳಿ ಕೆಡವಲು ಹೋದ. ಓವನ್ ಹಾಗೇ ಕುಸಿದು ಕೂತ, ಬ್ರೆಟ್ ಅಡಿಯಲ್ಲಿ ಸಿಕ್ಕಿಬಿದ್ದ. ಒಂದು, ಎರಡು, ಮೂರು. ತಮ್ಮ ಗೆದ್ದ. ಅದೇ ರಾತ್ರಿ ಕೊನೆಯ ಪಂದ್ಯದಲ್ಲಿ ಬ್ರೆಟ್ ಯೊಕೊಜುನಾ ಎಂಬ ಗುಡ್ಡದಂಥವನನ್ನು ಸೋಲಿಸಿ ಚಾಂಪಿಯನ್ ಆದ. ಎಲ್ಲರೂ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಆಗ ಓವನ್ ಬಂದು, ರಿಂಗಿಗೆ ಹತ್ತದೆ, ನಡೆದುಬರುವ ದಾರಿಯಲ್ಲೇ ನಿಂತ. ನಾನು ಗೆದ್ದೆ, ಆದರೂ ನೀನೇ ಮೇಲೆ ಇದ್ದೀಯಲ್ಲ ಅನ್ನುವ ಮುಖ. ಅದು ನಟನೆ, ನನಗೆ ಗೊತ್ತು. ನನ್ನ ತಮ್ಮ ಆ ದೃಶ್ಯ ಬಂದಾಗೆಲ್ಲ ಎದ್ದು ನೀರು ಕುಡಿಯಲು ಹೋಗುತ್ತಿದ್ದ.

ಅಪ್ಪ ನಮ್ಮಿಬ್ಬರನ್ನು ಯಾವತ್ತೂ ಜನರ ಮುಂದೆ ಜೋಡಿ ಕಟ್ಟಲಿಲ್ಲ. ಒಂದೇ ಗರಡಿಯವರು ಎದುರುಬದುರು ನಿಲ್ಲಬಾರದು, ಅದರಲ್ಲೂ ಒಡಹುಟ್ಟಿದವರು ನಿಲ್ಲಲೇಬಾರದು ಅನ್ನುವುದು ಅವರ ಕಟ್ಟಳೆ. ನಾವು ಎದುರುಬದುರು ನಿಂತಿದ್ದು ಅವರು ಹೋದ ಮೇಲೆ, ಮನೆಯ ಭಾಗದ ವಿಷಯಕ್ಕೆ. ಎಂಟು ವರ್ಷ ಮಾತಿರಲಿಲ್ಲ. ಇರಲಿ.

ಈಗ ಓವನ್. 1999ರ ಮೇ 23, ಕಾನ್ಸಸ್ ಸಿಟಿಯ ಕೆಂಪರ್ ಅರೀನಾ. ಅವನಿಗೆ ಕೊಟ್ಟಿದ್ದು ನಗೆ ಹುಟ್ಟಿಸುವ ಸೂಪರ್ ಹೀರೋ ವೇಷ. ಚಾವಣಿಯಿಂದ ಹಗ್ಗದಲ್ಲಿ ಇಳಿದು ರಿಂಗಿಗೆ ಬರಬೇಕು. ಕೆಳಗೆ ಬಂದ ತಕ್ಷಣ ಕಳಚಿಕೊಳ್ಳಲಿ ಅಂತ ಬೇಗ ಬಿಚ್ಚುವ ಕೊಂಡಿ ಹಾಕಿದ್ದರು. ಅದು ಮೇಲೆಯೇ ಬಿಚ್ಚಿಕೊಂಡಿತು. 78 ಅಡಿ. ಅವನಿಗೆ 34 ವರ್ಷ. ಪಂದ್ಯ ಇನ್ನೂ ಶುರುವೇ ಆಗಿರಲಿಲ್ಲ, ಎದುರಾಳಿಯ ಕೈ ಅವನಿಗೆ ತಾಗಿರಲಿಲ್ಲ. ಕುಸ್ತಿಗೂ ಅದಕ್ಕೂ ಸಂಬಂಧವೇ ಇಲ್ಲ, ಅದು ಸರ್ಕಸ್ಸು. ಅವನನ್ನು ಹೊತ್ತುಕೊಂಡು ಹೋದ ಮೇಲೂ ಆ ರಾತ್ರಿಯ ಆಟ ನಿಲ್ಲಲಿಲ್ಲ. ದಯವಿಟ್ಟು ತಿದ್ದುಪಡಿ ಹಾಕಿ. "ಕುಸ್ತಿ ಆಡುವಾಗ ಸತ್ತ" ಅಂದರೆ ಎದುರಿಗಿದ್ದ ಯಾರೋ ಕೊಂದ ಹಾಗೆ, ಇಲ್ಲವೇ ಅವನೇ ಎಡವಿದ ಹಾಗೆ ಆಗುತ್ತದೆ. ಎರಡೂ ಅಲ್ಲ.

ಆಮೇಲೆ ಆ ಮನೆ ಒಡೆಯಿತು. ಓವನ್‌ನ ಹೆಂಡತಿ ಮಾರ್ತಾ ಕೇಸು ಹಾಕಿದಳು. 2000ದಲ್ಲಿ ಸುಮಾರು 1.8 ಕೋಟಿ ಡಾಲರಿಗೆ ರಾಜಿಯಾಯಿತು. ಆ ದುಡ್ಡಿನಲ್ಲಿ ಒಂದು ಭಾಗ ತೆಗೆದು ಗಂಡನ ಹೆಸರಲ್ಲಿ ಬಡ ಮಕ್ಕಳಿಗಾಗಿ ಪ್ರತಿಷ್ಠಾನ ಕಟ್ಟಿದಳು. ಹನ್ನೆರಡು ಮಕ್ಕಳ ಮನೆಯಲ್ಲಿ ಕೆಲವರು ಅವಳ ಕಡೆ, ಕೆಲವರು ಕಂಪನಿಯ ಕಡೆ. ಕಂಪನಿಯಲ್ಲಿ ಕೆಲಸದ ಆಸೆ ಇದ್ದವರಿಗೆ ಬಾಯಿ ಕಟ್ಟಿತ್ತು. ಇದನ್ನು ಓದಿದಾಗ ನಾನು ಯಾರನ್ನೂ ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿರಲಿಲ್ಲ.

ಬ್ರೆಟ್‌ನ ಆಟದ ಕೊನೆಯೂ ಓವನ್ ಹೋದ 1999ರಲ್ಲೇ ಶುರುವಾಯಿತು. ಅಕ್ಟೋಬರ್‌ನಲ್ಲಿ, ಓವನ್ ಬಿದ್ದ ಅದೇ ಕೆಂಪರ್ ಅರೀನಾದಲ್ಲಿ, ತಮ್ಮನ ನೆನಪಿಗೆ ಒಂದು ಪಂದ್ಯ ಆಡಿದ. ಎದುರಿಗೆ ಇದ್ದವನ ಕಥೆ ಆಮೇಲೆ ಘೋರವಾಯಿತು, ಅದನ್ನು ಇಲ್ಲಿ ತರುವುದಿಲ್ಲ. ಡಿಸೆಂಬರ್ 19ರಂದು ಗೋಲ್ಡ್‌ಬರ್ಗ್ ಎಂಬ ಬಲಶಾಲಿ ಒದ್ದ ಒಂದು ಒದೆ ತಲೆಗೆ ಬಿತ್ತು. ಬೇಕು ಅಂತ ಒದ್ದದ್ದಲ್ಲ, ಗುರಿ ತಪ್ಪಿದ್ದು. ಮಿದುಳಿಗೆ ಪೆಟ್ಟಾಯಿತು. ಗೊತ್ತಾಗದೆ ಇನ್ನೂ ಕೆಲವು ವಾರ ಆಡಿದ. 2000ದ ಅಕ್ಟೋಬರ್‌ನಲ್ಲಿ ಆಟ ಬಿಟ್ಟ. ಯಾರಿಗೂ ಗಾಯ ಮಾಡದವನನ್ನು ಇನ್ನೊಬ್ಬನ ಕಾಲು ಮನೆಗೆ ಕಳಿಸಿತು. 2002ರ ಜೂನ್‌ನಲ್ಲಿ ಕ್ಯಾಲ್ಗರಿಯಲ್ಲಿ ಸೈಕಲ್ ಹೊಡೆಯುತ್ತಿದ್ದಾಗ ಗುಂಡಿಗೆ ಇಳಿದು ಬಿದ್ದು, ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ನಡೆಯುವುದನ್ನು ಮತ್ತೆ ಕಲಿತ. ಅದಕ್ಕೆ ಒಂದು ತಿಂಗಳ ಹಿಂದೆ ಡೇವಿ ಬಾಯ್ ತೀರಿಕೊಂಡಿದ್ದ, 39ನೇ ವಯಸ್ಸಿಗೆ. 2001ರಲ್ಲಿ ಅಮ್ಮ ಹೆಲೆನ್, 2003ರಲ್ಲಿ ಅಪ್ಪ ಸ್ಟು. 2018ರಲ್ಲಿ ಜೋಡಿ ಕುಸ್ತಿಯ ಜೊತೆಗಾರ, ಅಕ್ಕ ಎಲಿಯ ಗಂಡ ಜಿಮ್ ನೈಡ್‌ಹಾರ್ಟ್. ಮನೆತನದ ವೈಭವ ಅಂತ ಬರೆಯುವಾಗ ಈ ಲೆಕ್ಕವೂ ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು.

ವೈಭವ ಇಲ್ಲ ಅಂತ ನಾನು ಹೇಳುತ್ತಿಲ್ಲ. ನೀವು ಬಿಟ್ಟ ಒಂದು ಹೆಸರನ್ನು ನಾನು ಸೇರಿಸುತ್ತೇನೆ. ನೈಡ್‌ಹಾರ್ಟ್‌ನ ಮಗಳು ನಟಾಲಿಯಾ. ಸ್ಟು ಹಾರ್ಟ್‌ನ ನಾಲ್ಕು ಹೆಣ್ಣುಮಕ್ಕಳೂ ಪೈಲ್ವಾನರನ್ನೇ ಮದುವೆಯಾದರು, ಆದರೆ ಅವರಲ್ಲಿ ಯಾರೂ ಕುಸ್ತಿಯನ್ನು ಕಸುಬು ಮಾಡಿಕೊಳ್ಳಲಿಲ್ಲ. ನೆಲಮಾಳಿಗೆ ಗಂಡುಮಕ್ಕಳದು. ನಮ್ಮಲ್ಲೂ ಅಷ್ಟೇ, ಅಪ್ಪನ ಗರಡಿಯ ಹೊಸ್ತಿಲನ್ನು ನಮ್ಮ ಅಮ್ಮ ಒಂದು ದಿನವೂ ದಾಟಲಿಲ್ಲ. ಮೊಮ್ಮಗಳು ನಟಾಲಿಯಾ ಮಾತ್ರ ಆ ನೆಲಮಾಳಿಗೆಗೆ ಇಳಿದಳು. ಮಾವಂದಿರು ಕಲಿಸಿದರು. 2010ರಲ್ಲಿ ಮತ್ತು 2017ರಲ್ಲಿ ಹೆಂಗಸರ ಚಾಂಪಿಯನ್ ಆದಳು. 2019ರ ಅಕ್ಟೋಬರ್ 31ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೈತುಂಬ ಬಟ್ಟೆ ತೊಟ್ಟು, ಲೇಸಿ ಇವಾನ್ಸ್ ಜೊತೆ ಆಡಿದಳು. ಆ ಕಂಪನಿ ಆ ದೇಶದಲ್ಲಿ ನಡೆಸಿದ ಮೊದಲ ಹೆಂಗಸರ ಪಂದ್ಯ ಅದು. ಗೆದ್ದದ್ದು ಯಾವ ಪಟ್ಟಿನಿಂದ ಗೊತ್ತಾ? ಮಾವನ ಶಾರ್ಪ್‌ಶೂಟರ್‌ನಿಂದ.

ಆ ವಿಡಿಯೋ ನನಗೆ ತೋರಿಸಿದವಳು ತಮ್ಮನ ಮಗಳು. ಅವಳು ಮ್ಯಾಟ್ ಮೇಲೆ ಕುಸ್ತಿ ಆಡುತ್ತಾಳೆ. ಹೋದ ದಸರಾದಲ್ಲಿ ದೇವರಾಜ ಅರಸು ಕ್ರೀಡಾಂಗಣದಲ್ಲಿ ಆಡಿ ಎರಡನೇ ಸುತ್ತಿಗೆ ಸೋತಳು. ಸೋತವಳು ಅಳುತ್ತಾಳೇನೋ ಅಂತ ನಾನು ಹೋದರೆ, "ದೊಡ್ಡಪ್ಪ, ಅವಳ ಮಂಡಿ ಆಗಲೇ ನೋಯ್ತಿತ್ತು. ಆ ಕಾಲು ಹಿಡಿದಿದ್ರೆ ನಾನೇ ಗೆಲ್ತಿದ್ದೆ, ಹಿಡೀಲಿಲ್ಲ" ಅಂದಳು. ಯಾರು ಹೇಳಿಕೊಟ್ಟರು ಅಂತ ಕೇಳಿದೆ. "ಅಪ್ಪ" ಅಂದಳು. ನನ್ನ ತಮ್ಮ ಅಲ್ಲೇ ಎರಡು ಸಾಲು ಹಿಂದೆ ಕೂತಿದ್ದ. ಎಂಟು ವರ್ಷದ ಮೇಲೆ ಅವನ ಪಕ್ಕ ಹೋಗಿ ಕೂತೆ. ಅವನು ಕಡಲೆಕಾಯಿ ಪೊಟ್ಟಣ ಮುಂದೆ ಚಾಚಿದ.

ನಿಮ್ಮ ಓದುಗರಿಗೆ ಇದೆಲ್ಲ ದೂರದ ಕಥೆ ಅನ್ನಿಸಬಹುದು. ಪೂರ್ತಿ ದೂರ ಅಲ್ಲ. ಸ್ಟು ಹಾರ್ಟ್‌ನ ಸ್ಟಾಂಪೀಡ್ ರಸ್ಲಿಂಗ್‌ನಲ್ಲಿ ವರ್ಷಗಟ್ಟಲೆ ಹೆಸರು ಮಾಡಿದವನೊಬ್ಬ ಪಂಜಾಬಿನ ಗಾಮಾ ಸಿಂಗ್. ಅವನ ಹೆಸರು ಕೇಳಿದರೇ ಹಿಂದಿನ ಕಾಲದ ದೊಡ್ಡ ಗಾಮಾ ಪೈಲ್ವಾನ್ ನೆನಪಾಗುತ್ತಾನೆ. ಕ್ಯಾಲ್ಗರಿಯಲ್ಲೇ ಹುಟ್ಟಿದ ಅವನ ಸೋದರಳಿಯ ಜಿಂದರ್ ಮಹಲ್ 2017ರಲ್ಲಿ ಅದೇ ಕಂಪನಿಯ ದೊಡ್ಡ ಬೆಲ್ಟು ಗೆದ್ದ. ಇದರ ಬಗ್ಗೆ ಬೇಕಾದರೆ ಇನ್ನೊಂದು ಪುರವಣಿ ಮಾಡಿ.

ಕೊನೆಗೆ ಫೋಟೋದ ವಿಷಯ. ನಿಮ್ಮಲ್ಲಿ ಸರಿಯಾದದ್ದು ಇಲ್ಲದಿದ್ದರೆ ಅಂತ ಈ ಲಕೋಟೆಯಲ್ಲಿ ಒಂದು ಟ್ರಂಪ್ ಕಾರ್ಡು ಇಟ್ಟಿದ್ದೇನೆ. ಆಗ ಹುಡುಗರು ಎತ್ತರ, ತೂಕ, ಎದೆ ಸುತ್ತಳತೆ ಕೂಗಿ ಆಡುತ್ತಿದ್ದ ಕಾರ್ಡು. ಬ್ರೆಟ್ ಬಂದರೆ ಕೈಯಲ್ಲಿದ್ದವನ ಮುಖ ಬಾಡುತ್ತಿತ್ತು. ತೂಕ ಕೂಗಿದರೂ ಸೋಲು, ಎದೆ ಕೂಗಿದರೂ ಸೋಲು. ನನ್ನ ತಮ್ಮ ಮಾತ್ರ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ, ಸೋತರೂ ಬೇರೆ ಎರಡು ಕಾರ್ಡು ಕೊಟ್ಟು ಉಳಿಸಿಕೊಳ್ಳುತ್ತಿದ್ದ. ಒಂದು ಮೂಲೆ ಮಡಚಿದೆ, ಹಿಂದೆ ಇಂಕಿನ ಕಲೆ ಇದೆ. ಮುಖ ಚೆನ್ನಾಗಿದೆ, ಅಚ್ಚಿಗೆ ಬರುತ್ತದೆ.

ಉಪಯೋಗಿಸಿದ ಮೇಲೆ ಮರೆಯದೆ ವಾಪಸ್ ಕಳಿಸಿ. ಮರು ಅಂಚೆಗೆ ಸ್ಟಾಂಪು ಹಚ್ಚಿದ ಲಕೋಟೆಯನ್ನೂ ಇಟ್ಟಿದ್ದೇನೆ. ವಿಳಾಸ ತಮ್ಮನದು.

ಇಂತಿ ನಿಮ್ಮ ಹಳೆಯ ಓದುಗ,
ನಜರ್‌ಬಾದ್, ಮೈಸೂರು